ಜಾತ್ರೆಯ ಮರುದಿನ

ಜಾತ್ರೆಯ ದೊಡ್ಡಸ್ತಿಕೆಯನ್ನು ನಾವು ಕೂಡಿದ ಮಂದಿಯಿಂದ ಅಳೆಯುತ್ತೇವೆ. ಮರುದಿನದ ನೆಲ ನೋಡಿ ಅಳೆಯುವವರು ಕಡಿಮೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಕಳೆದ ಮೇಲೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಉಳಿಯುವುದು ಭಂಡಾರದ ಹಳದಿಯೊಂದೇ ಅಲ್ಲ. ನೀರಿನ ಬಾಟಲಿ, ಪ್ಲಾಸ್ಟಿಕ್ ಚೀಲ, ಉಂಡು ಒಗೆದ ತಾಟು.

ಹಿಂದಿನವರು ನಮಗಿಂತ ಶೀಲವಂತರಾಗಿದ್ದರು ಎನ್ನುವುದು ರೂಢಿ. ನನಗೆ ಹಾಗನಿಸುವುದಿಲ್ಲ. ಚಕ್ಕಡಿ ಹೂಡಿಕೊಂಡು ಬಂದವರೂ ಉಂಡ ಎಲೆಯನ್ನು ಅಲ್ಲೇ ಒಗೆದು ಹೋಗುತ್ತಿದ್ದರು. ಆದರೆ ಅದು ಮುತ್ತಲದ ಎಲೆ. ದನ ಮೂಸಿ ಬಿಟ್ಟದ್ದು ಮಣ್ಣು ಸೇರುತ್ತಿತ್ತು. ಬುತ್ತಿ ಕಟ್ಟಿದ ಅರಿವೆ ಮನೆಗೆ ಮರಳುತ್ತಿತ್ತು. ಒಳ್ಳೆಯತನ ಅವರ ಮನಸ್ಸಿಗಿಂತ ಹೆಚ್ಚಾಗಿ ಕೈಯೊಳಗಿನ ವಸ್ತುವಿನಲ್ಲಿತ್ತು. ವಸ್ತು ಬದಲಾಯಿತು, ಕೈಯ ರೂಢಿ ಬದಲಾಗಲಿಲ್ಲ.

ಹಾಗಾದರೆ ತಪ್ಪು ಭಕ್ತನೊಬ್ಬನದೇ? ಕುಡಿಯುವ ನೀರಿನ ನಳ ಸಮೀಪ ಇಲ್ಲದಿದ್ದರೆ ಅವನು ಬಾಟಲಿ ಕೊಳ್ಳಲೇಬೇಕು. 2016ರಲ್ಲೇ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧ ಬಂತು. ನಿಷೇಧ 'ಬೇಡ' ಎನ್ನುತ್ತದೆ. ಬದಲಿಗೆ ಏನೆಂಬುದನ್ನು ಏರ್ಪಾಡು ಮಾಡುವವರು ಒದಗಿಸಬೇಕು.

ಲಕ್ಷಗಟ್ಟಲೆ ಜನ ಸೇರುವಲ್ಲಿ ಅದು ಕಷ್ಟ ಎನ್ನಬಹುದು. 1824ರ ಅಕ್ಟೋಬರ್ 23ರ ಚೆನ್ನಮ್ಮನ ಗೆಲುವನ್ನು ನೆನೆಯುವ ಕಿತ್ತೂರು ಉತ್ಸವಕ್ಕೆ ಆ ನೆವವೂ ಇಲ್ಲ. ದಿನ ಗೊತ್ತು, ಜಾಗ ಗೊತ್ತು. ವೇದಿಕೆಗೆ ಮೊದಲೇ ಯೋಚಿಸುವವರು ನೀರಿಗೆ, ತಾಟಿಗೆ, ಕಸಕ್ಕೆ ಯೋಚಿಸಬಾರದೇಕೆ?

ಆದರೂ ಭಕ್ತನ ಪಾಲು ಉಳಿದೇ ಇದೆ. ಎಲ್ಲಮ್ಮನನ್ನು ನಾವು ತಾಯಿ ಎನ್ನುತ್ತೇವೆ. ಮರುದಿನ ನಮ್ಮ ಎಂಜಲು ಬಳಿಯುವ ಹೆಣ್ಣುಮಗಳೂ ಆ ತಾಯಿಯ ಮಗಳೇ. ಅವಳ ಬೆನ್ನ ಮೇಲೆ ಭಾರ ಹೊರಿಸಿ ತೀರಿಸಿದ ಹರಕೆ ತೀರಿದಂತಾಯಿತೇ?