‘ರೇಜ್’ ಎಂಬ ಶಬ್ದವೂ ಕ್ರೋಧದ ನಾಲ್ಕು ಗೆರೆಗಳೂ

ಆಂಗ್ಲ ಭಾಷೆಯ ‘ರೇಜ್’ ಎಂಬ ಶಬ್ದಕ್ಕೆ ಶಾಲೆಯ ಮಕ್ಕಳು ‘ಉಗ್ರ ಕೋಪ’ ಎಂದು ಅರ್ಥ ಬರೆದುಕೊಳ್ಳುತ್ತಾರೆ. ಅರ್ಥ ತಪ್ಪಲ್ಲ. ಆದರೆ ಶಬ್ದದ ಕುಲವನ್ನು ಶೋಧಿಸಿದರೆ ಅದು ಫ್ರೆಂಚಿನ ಮೂಲಕ ಲ್ಯಾಟಿನ್ ಭಾಷೆಯ ‘ರೇಬೀಸ್’ ಎಂಬ ಶಬ್ದವನ್ನು ಮುಟ್ಟುತ್ತದೆ. ಹುಚ್ಚುನಾಯಿಯ ಕಡಿತದಿಂದ ಬರುವ ರೋಗಕ್ಕೂ ಅದೇ ಹೆಸರು. ವಿವೇಕ ತಪ್ಪಿದ ಉನ್ಮಾದವೇ ಮೂಲಾರ್ಥ. ಬಿರುಗಾಳಿ, ಕಾಳ್ಗಿಚ್ಚು, ಯುದ್ಧಗಳು ತಡೆಯಿಲ್ಲದೆ ಮೊರೆಯುವುದಕ್ಕೂ ಆಂಗ್ಲರು ಇದನ್ನೇ ಬಳಸುತ್ತಾರೆ. ಜನರೆಲ್ಲ ಮರುಳಾಗಿ ಬೆನ್ನುಹತ್ತುವ ಹೊಸ ಷೋಕಿಗೂ ಇದೇ ಶಬ್ದ! ಹಾಗೆ ಹೆಸರಿಟ್ಟವರು ಜಾಣರೇ ಸರಿ. ಎರಡರಲ್ಲಿಯೂ ಮನುಷ್ಯನು ತನ್ನ ವಶದಲ್ಲಿರುವುದಿಲ್ಲ.

ಆದರೆ ಈ ಶಬ್ದವು ಕೋಪದ ಎತ್ತರವನ್ನು ಹೇಳುತ್ತದೆಯೇ ಹೊರತು ಬಾಳಿಕೆಯನ್ನು ಹೇಳುವುದಿಲ್ಲ. ‘ಸಿಟ್ಟು ನೆತ್ತಿಗೇರಿತು’ ಎನ್ನುವ ಕನ್ನಡಿಗರ ಮಾತೂ ಹಾಗೆಯೇ. ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹಿಡಿದ ಅಳತೆಗೋಲು ಬೇರೆ. ಕ್ರೋಧವು ಕಲ್ಲು, ನೆಲ, ಧೂಳು, ನೀರುಗಳ ಮೇಲಿನ ಗೆರೆಯಂತೆ ನಾಲ್ಕು ತೆರ. ರಾಯಚೂರು ಸೀಮೆಯ ಶ್ರಾವಕರು ಇದಕ್ಕೆ ದೃಷ್ಟಾಂತ ಹುಡುಕಿ ದೂರ ಹೋಗಬೇಕಿಲ್ಲ. ರಾಯಚೂರು ಕೋಟೆಯ ಗೋಡೆಯ ನೀಳಗಲ್ಲಿನ ಮೇಲೆ 1294ರಲ್ಲಿ ಕೊರೆದ ಶಾಸನವು ಏಳುನೂರು ವರ್ಷ ದಾಟಿಯೂ ನಿಂತಿದೆ. ಮಾನ್ವಿಯ ಎರೆಹೊಲವು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆ ಬಿದ್ದರೆ ಕೂಡಿಕೊಳ್ಳುತ್ತದೆ (ಕಾಲುವೆಯ ನೀರುಂಡ ಗದ್ದೆಗಳ ಮಾತು ಬೇರೆ). ದೇವದುರ್ಗದ ಕಡೆಯ ಬಂಡಿದಾರಿಯ ಧೂಳಿನಲ್ಲಿ ಎಳೆದ ಗೆರೆ ಗಾಳಿಗೆ ಅಳಿಯುತ್ತದೆ. ಕೃಷ್ಣೆಯ ನೀರಿನಲ್ಲಿ ಎಳೆದದ್ದು ಬೆರಳಿನ ಹಿಂದೆಯೇ ಮಾಯವಾಗುತ್ತದೆ.

ಕೋಪ ಉಕ್ಕದಿರುವಾಗಲೂ ಅದರ ಸಂಸ್ಕಾರವು ಒಳಗೆ ಉಳಿದಿರುವ ಅವಧಿಗೆ ವಾಸನಾಕಾಲವೆಂದು ಹೆಸರು. ನೀರಿನ ಗೆರೆಯಂಥ ಸಂಜ್ವಲನಕ್ಕೆ ಅಂತರ್ಮುಹೂರ್ತ, ಎಂದರೆ 48 ನಿಮಿಷದೊಳಗು. ಧೂಳಿನ ಗೆರೆಯಂಥ ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ. ನೆಲದ ಬಿರುಕಿನಂಥ ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು. ಶಿಲಾರೇಖೆಯಂಥ ಅನಂತಾನುಬಂಧಿಗೆ ಭವಭವಾಂತರ. ನೆಲದ ಬಿರುಕಿನಂಥದರ ಉದಯದಲ್ಲಿ ಅಣುವ್ರತವೂ ನಿಲ್ಲದು. ಕಲ್ಲಿನ ಗೆರೆಯಂಥದರಲ್ಲಿ ಸಮ್ಯಕ್ತ್ವವೇ ಇಲ್ಲ.

ಹೀಗಿರಲು, ಹೊಲದ ಬದುವಿಗಾಗಿ ಅಣ್ಣನೊಡನೆ ಮಾತು ಬಿಟ್ಟ ತಮ್ಮನೊಬ್ಬನಿದ್ದಾನೆಂದು ಭಾವಿಸೋಣ. ಅವನು ದನಿ ಏರಿಸಿದವನಲ್ಲ, ಕೈ ಎತ್ತಿದವನಲ್ಲ. ಅಷ್ಟಮಿ ಚತುರ್ದಶಿಗಳ ಉಪವಾಸವನ್ನು ತಪ್ಪಿಸಿದವನೂ ಅಲ್ಲ. ಆಂಗ್ಲ ನಿಘಂಟನ್ನು ಕೇಳಿದರೆ ಅವನಲ್ಲಿ ‘ರೇಜ್’ ಇಲ್ಲವೇ ಇಲ್ಲ. ಆದರೆ ಒಂದು ಭಾದ್ರಪದದ ಉತ್ತಮ ಕ್ಷಮೆಯ ದಿನದಿಂದ ಮತ್ತೊಂದು ಭಾದ್ರಪದಕ್ಕೆ ಆ ಮೌನವು ನಡೆದು ಬಂದಿದ್ದರೆ ಆರು ತಿಂಗಳ ಗಡಿ ಎಂದೋ ದಾಟಿತು. ಕಾರ್ತಿಕ, ಫಾಲ್ಗುಣ, ಆಷಾಢಗಳ ಮೂರು ಅಷ್ಟಾಹ್ನಿಕಗಳೂ ನಡುವೆ ಕಳೆದುಹೋದವು. ಅದೇ ಮನೆಯಲ್ಲಿ, ಹಾಲು ಚೆಲ್ಲಿದ ಮಗುವಿನ ಮೇಲೆ ಕೂಗಾಡಿ, ಗಳಿಗೆಯೊಳಗೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸಿಗೆ ಸಿಡುಕಿನವಳೆಂಬ ಹೆಸರು! ಅವಳದೂ ಕಷಾಯವೇ, ಸಂದೇಹವಿಲ್ಲ. ಆದರೆ ಗೆರೆ ಬೇರೆ.

ಕಮಠನೂ ತಪಸ್ಸಿಗೆ ನಿಂತವನೇ. ಬಂಡೆಯನ್ನು ಕೈಗಳಲ್ಲಿ ಎತ್ತಿ ಹಿಡಿದು ನಿಂತಿದ್ದ ಅವನ ಪಾದಕ್ಕೆ ತಮ್ಮನಾದ ಮರುಭೂತಿಯು ಕ್ಷಮೆ ಬೇಡಿ ಬಾಗಿದಾಗ, ಆ ಬಂಡೆಯೇ ತಮ್ಮನ ತಲೆಯ ಮೇಲೆ ಬಿದ್ದಿತು. ಆ ವೈರವು ಜನ್ಮಜನ್ಮಗಳನ್ನು ದಾಟಿ, ಭಗವಾನ್ ಪಾರ್ಶ್ವನಾಥರು ಧ್ಯಾನಸ್ಥರಾಗಿದ್ದ ತಪೋವನದವರೆಗೂ ಬೆನ್ನಟ್ಟಿ ಬಂದಿತು.