ಮೀನಿನ ಪಾಲು

ಮಾಗಿಯ ಚಳಿ ಬಿತ್ತೆಂದರೆ ನಮ್ಮ ಹಿತ್ತಲಿನ ಹುಣಸೆಮರ ತುಂಬುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೀಗೇ. ಹೆಜ್ಜಾರ್ಲೆ ಮೊದಲು, ಅದರ ಹಿಂದೆ ಬಣ್ಣದ ಕೊಕ್ಕರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾಳೆ ನಮ್ಮವ್ವ. ಹಿಂದೆ ಊರು ಶಿಂಷಾ ದಡದಲ್ಲಿತ್ತಂತೆ. 1916ರಲ್ಲಿ ಪ್ಲೇಗಿಗೆ ಹೆದರಿ ಜನ ಇತ್ತ ಬಂದಾಗ ಹಕ್ಕಿಗಳೂ ಬೆನ್ನಿಗೇ ಬಂದವೆಂದು ಹಿರಿಯರ ಮಾತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅವ್ವನ ಲೆಕ್ಕದಲ್ಲಿ ಮೊದಲಿಂದಲೂ ಇದು ಹಕ್ಕಿಗಳ ತವರೇ.

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಇನ್ನೂ ಮಂಜು ಹರಿದಿರಲಿಲ್ಲ, ಹಿಕ್ಕೆ ಗೊಬ್ಬರಕ್ಕೆಂದು ಮರದಡಿ ತೋಡಿದ್ದ ಗುಂಡಿಯ ಪಕ್ಕ ಹೆಜ್ಜಾರ್ಲೆ ಮರಿಯೊಂದು ಬಿದ್ದಿತ್ತು. ಬಿಳಿ ತುಪ್ಪುಳ, ಮೈಗೆ ಮೀರಿದ ಕೊಕ್ಕು. ಬಿದ್ದ ಮರಿಗೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ. ಊರಲ್ಲಿ ಹಕ್ಕಿ ಕಾಯುವ ಹೆಜ್ಜಾರ್ಲೆ ಬಳಗದ ಹುಡುಗರು ಇಂಥ ಮರಿಗಳನ್ನು ಸಾಕಿ ಉಳಿಸಿದ್ದನ್ನು ಕಂಡಿದ್ದೆ. ಹೋಗಿ ಜಿಲೇಬಿ ಮೀನು ತಂದೆ. ಬಕೆಟ್ಟಿನಲ್ಲಿ ಇನ್ನೂ ಬಾಯಾಡಿಸುತ್ತಿದ್ದವು. ತಲೆ ಮುಂದಾಗಿ ಕೊಡಬೇಕು, ಇಲ್ಲದಿದ್ದರೆ ಬೆನ್ನಿನ ಮುಳ್ಳು ಗಂಟಲಿಗೆ ಸಿಕ್ಕುತ್ತದೆ. ಹಾಗೇ ಕೊಟ್ಟೆ. ಕೊಕ್ಕಿನ ಚೀಲದ ತೆಳುಚರ್ಮದೊಳಗೆ ಬಾಲ ಎರಡು ಸಲ ಬಡಿದು ನಿಂತಿದ್ದು ಬಿಸಿಲಿಗೆ ಕಂಡಿತು.

ನಾನು ಮಾಂಸ ಬಿಟ್ಟು ಹನ್ನೊಂದು ವರ್ಷ.

ಪಾರಿವಾಳವನ್ನು ಉಳಿಸಲು ಶಿಬಿ ಚಕ್ರವರ್ತಿ ತನ್ನ ತೊಡೆಯನ್ನೇ ಕೊಯ್ದು ತಕ್ಕಡಿಗಿಟ್ಟ. ನಾನು ಇಟ್ಟದ್ದು ಯಾರ ಮೈ? ಮೀನಿಗೆ ಅಳುವ ದನಿಯಿಲ್ಲ, ತವರಿಲ್ಲ, ಮಗಳೇ ಅನ್ನುವ ಅವ್ವನಿಲ್ಲ. ನಮ್ಮ ಹಿತ್ತಲಿಗೆ ಬಂದವರನ್ನಷ್ಟೇ ಕಾಣುವ ಕರುಣೆ ಧರ್ಮವೋ, ಬರೀ ನಂಟಿನ ಮೋಹವೋ? ತಾಯಿ ಹಕ್ಕಿಯೂ ಇದೇ ಮೀನು ಹಿಡಿಯುತ್ತಿತ್ತಲ್ಲ ಎಂಬ ಸಮಾಧಾನ ನನಗೆ ಸಾಲದು. ಅದಕ್ಕೆ ಬೇರೆ ದಾರಿಯಿಲ್ಲ, ನನಗಿತ್ತು. ಮರಿಯನ್ನು ನಾಯಿ ಪಾಲಿಗೆ ಬಿಟ್ಟು ಒಳಗೆ ಹೋಗಿದ್ದರೆ ನನ್ನ ವ್ರತ ಉಳಿಯುತ್ತಿತ್ತು. ಆದರೆ ವ್ರತದ ಮಡಿಗಾಗಿ ಒಂದು ಜೀವ ತೆತ್ತು ಕೂರುವುದು ಮೀನು ಕೊಲ್ಲುವುದಕ್ಕಿಂತ ದೊಡ್ಡ ಪಾಪವೆಂದೇ ನನಗನಿಸುತ್ತದೆ. ಹಾಗೆಂದು ಮೀನಿನ ಸಾವು ಪುಣ್ಯದ ಖಾತೆಗೆ ಹೋಗುವುದಿಲ್ಲ.

ಅವ್ವನ ಹತ್ತಿರ ಹೇಳಿಕೊಂಡೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. "ಪಾಪ ಅಂತ ಗೊತ್ತಾದ್ರೆ ಹೊತ್ಕೊ ಕಣ್ಮಗ. ಮರಿ ಹಸ್ಕೊಂಡದೆ."

ಮಾರನೆಯ ದಿನ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದೊಂದನ್ನೂ ಎತ್ತುವ ಮುಂಚೆ ಅದರ ಕಣ್ಣು ನೋಡಿದೆ. ಮರಿ ಆಗಲೇ ಕೊಕ್ಕು ತೆರೆದಿತ್ತು.