ವೇಷಗಳ ತೂಕವೂ ಕಾಲದ ಅಳತೆಯೂ

ಸಮತೆಯೆಂಬ ಶಬ್ದವನ್ನು ಲೋಕವು ಎರಡು ಅರ್ಥಗಳಲ್ಲಿ ಬಳಸುವುದುಂಟು. ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದು ಒಂದು. ಯಾರಿಗೆ ಯಾವುದು ತಕ್ಕುದೋ ಅದನ್ನು ಕೊಡುವುದು ಇನ್ನೊಂದು. ಪಂಕ್ತಿಯಲ್ಲಿ ಕುಳಿತ ಮಗುವಿಗೂ ಗದ್ದೆಯಲ್ಲಿ ದುಡಿದು ಬಂದವನಿಗೂ ಒಂದೇ ಸೌಟು ಅನ್ನವನ್ನು ಬಡಿಸಿದರೆ ಮೊದಲನೆಯ ಸಮತೆಯು ಪೂರ್ಣವಾಗುವುದು. ದುಡಿದವನ ಹಸಿವು ಮಾತ್ರ ಹಾಗೆಯೇ ಉಳಿಯುವುದು. ಈ ಭೇದವನ್ನರಿಯಲು ನೀತಿಗ್ರಂಥಗಳನ್ನೇ ತಿರುವಬೇಕೆಂದಿಲ್ಲ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಂತಹ ಊರಿನ ಬಯಲಿನಲ್ಲಿ ನಡೆಯುವ ಒಂದು ಯಕ್ಷಗಾನದ ಆಟವನ್ನು ಮನಸ್ಸಿಟ್ಟು ನೋಡಿದರೂ ಸಾಕು.

ತೆಂಕುತಿಟ್ಟಿನ ಮೇಳವೆಂಬುದು ನಾನಾ ಬಗೆಯ ವೇಷಗಳ ಒಂದು ಸಂಸಾರ. ಅಭಿಮನ್ಯು, ಬಭ್ರುವಾಹನ, ಚಂಡ ಮುಂಡರಂತಹ ಪುಂಡುವೇಷಗಳಿಗೆ ಚುರುಕಾದ ಹೆಜ್ಜೆ ಮತ್ತು ಧೀಂಗಿಣಗಳೇ ಬಲ. ಕಿರೀಟದ ರಾಜವೇಷಗಳಿಗೆ ಗಾಂಭೀರ್ಯ ಮತ್ತು ಮಾತು. ಸ್ತ್ರೀವೇಷಕ್ಕೆ ಲಾಲಿತ್ಯ ಮತ್ತು ಕರುಣೆ. ಹಾಸ್ಯಗಾರನಿಗೆ ಒಂದೇ ರಾತ್ರಿಯಲ್ಲಿ ದೂತನೂ ಬ್ರಾಹ್ಮಣನೂ ಮುದುಕನೂ ಆಗಬಲ್ಲ ಜಾಣ್ಮೆ. ರಾಕ್ಷಸಪಾತ್ರಗಳ ಬಣ್ಣದ ವೇಷಕ್ಕಾದರೋ ಬೇರೆಯೇ ಒಂದು ಶಕ್ತಿಯುಂಟು. ಅಕ್ಕಿಹಿಟ್ಟು ಸುಣ್ಣಗಳಿಂದ ಮುಖದ ಮೇಲೆ ಚಿಟ್ಟಿಯನ್ನು ಒಂದೊಂದಾಗಿ ಇಡುತ್ತ ಗಂಟೆಗಟ್ಟಲೆ ಚೌಕಿಯಲ್ಲಿ ಕುಳಿತವನು ಕಡೆಗೆ ತೆರೆಯ ಮರೆಯಲ್ಲಿ ಬಂದು ನಿಂತು, ಚೆಂಡೆಯ ಘೋಷದ ನಡುವೆ ಕೊಂಚಕೊಂಚವಾಗಿ ತನ್ನನ್ನು ತೋರಿಸಿಕೊಳ್ಳುವನು. ಅಲ್ಲಿ ಕಾಯಿಸುವುದೇ ಕಲೆ.

ಈ ವೇಷಗಳು ಎಂದೂ ಸಮಬಲದವುಗಳಾಗಿರಲಿಲ್ಲ. ಆದರೂ ಇಡೀ ರಾತ್ರಿಯ ಆಟದಲ್ಲಿ ಅವುಗಳಿಗೆ ಒಂದು ಹೊಂದಿಕೆಯಿತ್ತು. ಮೊದಲಿಗೆ ಪೂರ್ವರಂಗದಲ್ಲಿ ಕೋಡಂಗಿ ಬಾಲಗೋಪಾಲರಾಗಿ ಎಳೆಯ ಹುಡುಗರು ಕಾಲು ಪಳಗಿಸುವರು. ಅನಂತರ ಒಡ್ಡೋಲಗಗಳೊಡನೆ ಕಥೆ ಬೆಳೆಯುವುದು. ದೇವೀಮಹಾತ್ಮೆಯ ಪ್ರಸಂಗವನ್ನೇ ನೋಡಬಹುದು. ನಡುರಾತ್ರಿ ಕಳೆದ ಮೇಲೆ ದೊಂದಿಗಳ ಬೆಳಕಿನಲ್ಲಿ ಜನರ ನಡುವೆಯೇ ಆರ್ಭಟಿಸುತ್ತ ಬರುವ ಮಹಿಷಾಸುರನು ಒಬ್ಬನಾದರೆ, ಬಳಿಕ ಕುಣಿತದಿಂದ ನಿದ್ದೆಗಣ್ಣುಗಳನ್ನು ತೆರೆಯಿಸುವ ಚಂಡ ಮುಂಡರು ಇಬ್ಬರು. ಅವರ ಹಿಂದಿನಿಂದ ಮಾತಿನ ಬಲದಿಂದ ರಂಗವನ್ನು ಹಿಡಿದು ನಿಲ್ಲಿಸುವ ರಕ್ತಬೀಜನು ಮತ್ತೊಬ್ಬ. ಒಬ್ಬನ ಕೆಲಸವನ್ನು ಇನ್ನೊಬ್ಬನು ಮಾಡಲಾರ. ಒಬ್ಬನ ಹೊತ್ತನ್ನು ಇನ್ನೊಬ್ಬನು ಕಸಿಯಲಾರ. ಸಮತೋಲನವಿದ್ದುದು ಬಲದಲ್ಲಲ್ಲ, ಈ ಅನ್ಯೋನ್ಯವಾದ ಅಗತ್ಯದಲ್ಲಿ.

ಚದುರಂಗದ ಇತಿಹಾಸವೂ ಇದನ್ನೇ ಹೇಳುವುದು. ಹಳೆಯ ಆಟದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನು. ಯೂರೋಪಿನವರು ಆ ಕಾಯಿಯನ್ನು ರಾಣಿಯೆಂದು ಕರೆದು, ಹದಿನೈದನೆಯ ಶತಮಾನದ ಕಡೆಯ ಭಾಗದಲ್ಲಿ ಎಂಟು ದಿಕ್ಕುಗಳಲ್ಲಿಯೂ ಎಷ್ಟು ಮನೆಯಾದರೂ ಓಡುವ ಬಲವನ್ನು ಅದಕ್ಕೆ ಕೊಟ್ಟರು. ಆಟವು ಚುರುಕಾಯಿತು, ಆದರೆ ಮಿಕ್ಕ ಕಾಯಿಗಳ ಬೆಲೆಯೂ ಅದರೊಂದಿಗೆ ಬದಲಾಯಿತು. ಕುದುರೆಯ ನಡೆಯು ಮೊದಲಿದ್ದಂತೆಯೇ ಉಳಿಯಿತಾದರೂ ಮಣೆಯಲ್ಲಿ ಅದರ ಸ್ಥಾನವು ಮೊದಲಿನದಾಗಿ ಉಳಿಯಲಿಲ್ಲ. ಅಷ್ಟಾಗಿಯೂ ರಾಣಿಯು ಕುದುರೆಯಂತೆ ಹಾರಲಾರದೆ ಹೋದುದರಿಂದಲೇ ಕುದುರೆಗೆ ಆಟದಲ್ಲಿ ಇಂದಿಗೂ ಮರ್ಯಾದೆಯುಂಟು. ನಿಯಮವೊಂದನ್ನು ತಿದ್ದುವವನು ತಾನು ಮುಟ್ಟದ ಕಾಯಿಗಳಿಗೂ ಹೊಣೆಗಾರನಾಗುವನು.

ಈಗ ಯಕ್ಷಗಾನದ ನಿಯಮವೂ ತಿದ್ದಲ್ಪಟ್ಟಿದೆ. ಇಡೀ ರಾತ್ರಿಯ ಆಟದ ಪಕ್ಕದಲ್ಲಿ ಕಾಲಮಿತಿಯ ಆಟವು ಬೆಳೆದುನಿಂತಿದೆ. ಸಂಜೆಗೆ ಆರಂಭವಾಗಿ ನಡುರಾತ್ರಿಯ ಹೊತ್ತಿಗೆ ಮಂಗಳವಾಗುವುದು ಅದರ ಕ್ರಮ. ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಬೆಳಗ್ಗೆ ಕಚೇರಿಗೂ ಶಾಲೆಗೂ ಹೋಗತಕ್ಕವರು ರಾತ್ರಿಯಿಡೀ ಎಚ್ಚರಿರಲಾರರು. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನ ಧ್ವನಿವರ್ಧಕಕ್ಕೆ ಕಟ್ಟುಪಾಡು ವಿಧಿಸಿವೆ. ಆರು ತಿಂಗಳು ರಾತ್ರಿಯೆಲ್ಲ ಕುಣಿದು ಹಗಲು ನಿದ್ರಿಸುವ ಕಲಾವಿದನ ದೇಹವೂ ವಿಶ್ರಾಂತಿಯನ್ನು ಬೇಡುವುದು. ಇವುಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಪ್ರಶ್ನೆಯಿರುವುದು ಕತ್ತರಿಸಬೇಕೋ ಬೇಡವೋ ಎಂಬುದರಲ್ಲಲ್ಲ, ಹೇಗೆ ಕತ್ತರಿಸಬೇಕೆಂಬುದರಲ್ಲಿ. ಎಂಟು ಗಂಟೆಯ ಆಟವನ್ನು ನಾಲ್ಕಕ್ಕೆ ಇಳಿಸುವಾಗ ಪ್ರತಿಯೊಂದು ವೇಷದ ಕಾಲವನ್ನೂ ಅರ್ಧ ಮಾಡಿದರೆ ಯಾರಿಗೂ ಪಕ್ಷಪಾತವಾಗಲಿಲ್ಲವೆಂದು ಮೇಲುನೋಟಕ್ಕೆ ತೋರುವುದು. ವಾಸ್ತವದಲ್ಲಿ ಹಾಗಲ್ಲ. ಪುಂಡುವೇಷದ ಧೀಂಗಿಣಗಳು ನೂರಿದ್ದುದು ಐವತ್ತಾದರೆ ಅವನ ಆಯಾಸ ಕಡಿಮೆಯಾದೀತು, ಸೊಗಸು ಉಳಿದೀತು. ಬಣ್ಣದ ವೇಷದ ತೆರೆಯೊಡ್ಡೋಲಗವನ್ನು ಅರ್ಧ ಮಾಡಿದರೆ ಅರ್ಧ ಭಯವು ಉಳಿಯುವುದಿಲ್ಲ, ಭಯವೇ ಇಲ್ಲವಾಗುವುದು. ಮೂರು ಗಂಟೆ ಮುಖಕ್ಕೆ ಬಣ್ಣವಿಟ್ಟವನು ಕಾಲು ಗಂಟೆ ರಂಗದಲ್ಲಿ ನಿಂತು ಮರಳಬೇಕಾದರೆ, ಆ ವಿದ್ಯೆಯನ್ನು ಕಲಿಯಲು ಮುಂದೆ ಬರುವ ತರುಣನು ಯಾರು? ಪೂರ್ವರಂಗವನ್ನು ಬಿಟ್ಟುಬಿಟ್ಟರೆ ಪ್ರೇಕ್ಷಕನಿಗೆ ನಷ್ಟವು ಕಾಣದು; ಕೋಡಂಗಿಯಾಗಿ ತಪ್ಪುಹೆಜ್ಜೆಗಳನ್ನು ಇಟ್ಟು ಕಲಿಯಬೇಕಾಗಿದ್ದ ಹುಡುಗನಿಗೆ ಮಾತ್ರ ಮೊದಲ ಮೆಟ್ಟಿಲೇ ಕಳಚಿಹೋದಂತಾಗುವುದು. ಒಂದೇ ಕತ್ತರಿ, ಗಾಯಗಳು ಮಾತ್ರ ಒಂದೇ ಅಲ್ಲ.

ಹಾಗೆಂದು ಹಳೆಯದೆಲ್ಲ ಧರ್ಮವಾಗಿತ್ತೆಂದು ಹೇಳುವುದೂ ಸಲ್ಲದು. ಅಲ್ಲಿಯೂ ಮೇಲುಕೀಳಿನ ಶ್ರೇಣಿಯಿತ್ತು. ಚೌಕಿಯಲ್ಲಿ ಕುಳಿತುಕೊಳ್ಳುವ ಜಾಗವೂ ವೇಷದ ಸ್ಥಾನವನ್ನು ಅನುಸರಿಸುತ್ತಿತ್ತು. ಸ್ತ್ರೀವೇಷವನ್ನು ಪುರುಷನೇ ಧರಿಸುತ್ತಿದ್ದನು. ಇಂದು ಹೆಣ್ಣುಮಕ್ಕಳು ತಾವೇ ಗೆಜ್ಜೆ ಕಟ್ಟಿ, ಸ್ತ್ರೀವೇಷವನ್ನಷ್ಟೇ ಅಲ್ಲದೆ ಕಿರೀಟವನ್ನೂ ಧರಿಸುತ್ತಿರುವರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಶಿವರಾಮ ಕಾರಂತರೇ ಮಾತನ್ನು ಕುಗ್ಗಿಸಿ, ಪಿಟೀಲು ಸ್ಯಾಕ್ಸೊಫೋನುಗಳನ್ನು ತಂದು, ಹ್ರಸ್ವವಾದ ಪ್ರಯೋಗಗಳನ್ನು ಮಾಡಿದರು. ಅವುಗಳಲ್ಲಿ ಕುಣಿತಕ್ಕೂ ವೇಷಭೂಷಣಗಳಿಗೂ ಪ್ರಾಧಾನ್ಯವು ದೊರೆಯಿತು. ಅರ್ಥಗಾರಿಕೆಯ ತೂಕವು ಇಳಿಯಿತು. ಅವರ ಆಯ್ಕೆಯನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಲೇಬೇಕು: ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಅವರು ಗಡಿಯಾರಕ್ಕೆ ಬಿಟ್ಟುಕೊಡಲಿಲ್ಲ.

ಆದುದರಿಂದ ಹಳೆಯ ಕ್ರಮ ಮೇಲೋ ಹೊಸ ಕ್ರಮ ಮೇಲೋ ಎಂಬ ವಾದವು ಅಷ್ಟು ಫಲಕಾರಿಯಲ್ಲ. ಕೇಳತಕ್ಕ ಪ್ರಶ್ನೆ ಬೇರೆಯೊಂದುಂಟು. ಈ ಬದಲಾವಣೆಯಿಂದ ಯಾರು ಕಳೆದುಕೊಳ್ಳುವರು, ಅವರು ಕಳೆದುಕೊಂಡುದನ್ನು ಮೇಳದಲ್ಲಿ ಬೇರೊಬ್ಬರು ತುಂಬಿಕೊಡಬಲ್ಲರೆ? ತುಂಬಿಕೊಡಬಲ್ಲರಾದರೆ ಅದು ಕೇವಲ ಹಂಚಿಕೆಯ ವ್ಯತ್ಯಾಸ. ತುಂಬಲಾರರಾದರೆ ಅದು ಎಲ್ಲರ ನಷ್ಟ. ನಾಲ್ಕು ಗಂಟೆಯ ಆಟದಲ್ಲಿ ಒಂದು ಸಂವಾದವನ್ನು ಕಡಿಮೆ ಮಾಡಿ ರಾಕ್ಷಸನ ಪ್ರವೇಶಕ್ಕೆ ಪೂರ್ಣಾವಕಾಶವನ್ನು ಕೊಡುವುದು, ಎರಡು ಪ್ರಸಂಗಗಳ ಬದಲಿಗೆ ಒಂದನ್ನೇ ಆಡಿ ಹುಡುಗರ ಪೂರ್ವರಂಗಕ್ಕೆ ಅರ್ಧ ಗಂಟೆಯನ್ನಾದರೂ ಉಳಿಸುವುದು ಅಸಾಧ್ಯವೇನಲ್ಲ. ಅಳತೆಗೆ ಅದು ಸಮವಾಗಿ ಕಾಣದಿರಬಹುದು, ನ್ಯಾಯಕ್ಕೆ ಸಮೀಪವಾಗಿರುವುದು.

ಮನೆಯೂ ಒಂದು ಮೇಳವೇ. ಬೇಗನೆ ಮಾತನಾಡುವ ಮಗನೂ ತಡೆತಡೆದು ಮಾತನಾಡುವ ಅಜ್ಜನೂ ಒಂದೇ ಜಗಲಿಯಲ್ಲಿ ಕುಳಿತಿರುವಾಗ, ಇಬ್ಬರಿಗೂ ಸರಿಯಾಗಿ ಐದೈದು ನಿಮಿಷವನ್ನು ಹಂಚಿದೆನೆಂದು ಗೃಹಸ್ಥನು ತೃಪ್ತನಾದರೆ ಅಜ್ಜನ ಮಾತು ತೆರೆಯ ಹಿಂದೆಯೇ ಉಳಿದುಹೋಗುವುದು. ನಿಧಾನವಾಗಿ ತೆರೆದುಕೊಳ್ಳುವುದಕ್ಕಾಗಿ ಕಾಯಲು ಬಲ್ಲ ಸಭೆಯೇ ಸಮತೆಯನ್ನು ಬಲ್ಲ ಸಭೆ.